ಹೋಚಿಯೋ ಮೂಸಿ ನೋಡಿದ ಮೇಲೆ

ಹೋಚಿಯೋ ತಟ್ಟೆಯನ್ನು ಒಮ್ಮೆ ಮೂಸಿತು. ಆಮೇಲೆ ಮುಂಗಾಲಿನಿಂದ ನೆಲ ಕೆರೆದು, ಇಲ್ಲದ ಮಣ್ಣನ್ನು ತಟ್ಟೆಯ ಮೇಲೆ ಎಳೆದು ಮುಚ್ಚುವ ಶಾಸ್ತ್ರ ಮುಗಿಸಿ, ಗೋಡೆಯ ಕಡೆ ತಿರುಗಿ ಕುಳಿತಿತು. ಬೆಕ್ಕುಗಳು ಯಾವುದನ್ನು ಹಾಗೆ ಮುಚ್ಚುತ್ತವೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಸುಕಿನಲ್ಲೇ ಎದ್ದು ಬೇಯಿಸಿದ ಕೋಳಿಗೆ ಇಂಥ ಮರ್ಯಾದೆ ಸಿಕ್ಕಿದ್ದನ್ನು ನೋಡಿ ಆ-ಲಿಯಾಂಗ್ ಬೆಕ್ಕಿನ ಮುಂದೆ ಮಂಡಿಯೂರಿದ.

"ತಿನ್ನೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ. ನಾಲ್ಕಕ್ಕೂ ಬೀಳ್ತೀನಿ" ಅಂದ. ಬೆಕ್ಕು ಬಾಲದ ತುದಿಯನ್ನಷ್ಟೇ ಅಲ್ಲಾಡಿಸಿತು.

ತೈನಾನ್ ಊರಿನ ಆ ಗಲ್ಲಿಯಲ್ಲಿ ಗುವಾತ್-ಕಿಯಾವ್ ಅಮ್ಮನ ಹೂಮೀನಿನ ಸಾರು ಎಂದರೆ ಬೆಳಕು ಹರಿಯುವ ಮೊದಲೇ ಜನ ಬಟ್ಟಲು ಹಿಡಿದು ಸಾಲು ನಿಲ್ಲುತ್ತಾರೆ. ಆ-ಲಿಯಾಂಗ್ ಆಕೆಯ ಮನೆಯಳಿಯ. ಮದುವೆಯಾದಂದಿನಿಂದ ಅವನ ಕೆಲಸ ಮೀನಿನ ಮುಳ್ಳು ಕೀಳುವುದು, ಬಟ್ಟಲು ತೊಳೆಯುವುದು, ಮೇಜು ಒರೆಸುವುದು. ಸಾರಿನ ಸೌಟು ಮಾತ್ರ ಅತ್ತೆಯ ಕೈ ಬಿಟ್ಟು ಕದಲಿದ್ದಿಲ್ಲ. ಒಮ್ಮೆ ನೊಣ ಓಡಿಸಲೆಂದು ಅದನ್ನು ಮುಟ್ಟಿದ್ದಕ್ಕೆ ಇಡೀ ಗಲ್ಲಿಯೆದುರು ಬೈಸಿಕೊಂಡಿದ್ದ. ಆ ಸೌಟು ಒಂದು ದಿನ ತನ್ನ ಕೈಗೆ ಬರಬೇಕು, ತನ್ನದೇ ರುಚಿಯ ಸಾರು ಆ ದೊಡ್ಡ ಪಾತ್ರೆಯಲ್ಲಿ ಕುದಿಯಬೇಕು ಎನ್ನುವುದೊಂದೇ ಅವನ ಆಸೆ.

ಈಚೆಗೆ ಅತ್ತೆಗೆ ಮಂಡಿನೋವು, ಒಲೆಯ ಮುಂದೆ ಬಹಳ ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಕಡಲ ತಾಯಿ ಮಾಝುವಿನ ಪಲ್ಲಕ್ಕಿಯ ಹಿಂದೆ ಊರೂರು ನಡೆಯುವುದಕ್ಕೆ ಮಾತ್ರ ಅದೇ ಮಂಡಿ ಚೆನ್ನಾಗಿ ಒದಗುತ್ತಿತ್ತು. ನಿನ್ನೆ ಅಂಗಡಿ ಮುಚ್ಚಿಸಿ, ಮಗಳ ಹೆಗಲಿಗೆ ಚೀಲ ಹಾಕಿ ಎರಡು ದಿನದ ಯಾತ್ರೆ ಹೊರಟಾಗ, ಅಕ್ಕಪಕ್ಕದವರೆಲ್ಲ ಕೇಳುವಂತೆ ಹೇಳಿದ್ದಳು: "ನಾನು ಬರೋವರೆಗೆ ಹೋಚಿಯೋನ ನೋಡ್ಕೋ. ಅದು ಹೊಟ್ಟೆ ಗುಂಡಗೆ ಇಟ್ಕೊಂಡು ನನ್ನ ಎದುರುಗೊಂಡ್ರೆ ಸೌಟು ನಿನಗೆ. ಸೊರಗಿದ್ರೆ ನಮ್ಮ ಅಕ್ಕನ ಮಗನ್ನ ಕರೆಸ್ತೀನಿ. ಒಂದು ಬೆಕ್ಕಿಗೆ ಊಟ ಹಾಕಕ್ಕೆ ಬರದೋನು ಊರಿಗೇನು ಹಾಕ್ತಾನೆ?"

ಬೆಕ್ಕಿಗೆ ಊಟ ಹಾಕುತ್ತಿದ್ದುದೂ ಅತ್ತೆಯೇ. ಅದು ಏನು ತಿನ್ನುತ್ತದೆ ಎಂದು ಕೇಳಿದ್ದಕ್ಕೆ, "ಅದನ್ನ ಕಂಡ್ಕೊಳ್ಳೋದೇ ಅಡುಗೆ ಕಣೋ" ಎಂದು ಹೊರಟೇಬಿಟ್ಟಿದ್ದಳು. ಕರಿಮೆಣಸು ಚೆಲ್ಲಿದಂಥ ಮೈಯ ಆ ಬೆಕ್ಕು ನಿನ್ನೆಯಿಂದ ಬರೀ ನೀರು ಕುಡಿದುಕೊಂಡಿತ್ತು. ಅತ್ತೆ ಬರುವುದು ಇವತ್ತು ಸಂಜೆಗೆ.

ಎದುರಿನ ಕ್ಷೌರದಂಗಡಿಯ ಶು-ಚಿನ್ ಅಕ್ಕನಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಕೈಯಲ್ಲಿ ಬಾಚಣಿಗೆ, ಕಂಕುಳಲ್ಲಿ ಒಂದು ಡಬ್ಬ ಇಟ್ಟುಕೊಂಡೇ ಬಂದಳು. "ಜಪಾನಿನ ಡಬ್ಬ ಕಣೋ! ಟ್ಯೂನಾ ಮೀನು. ನಮ್ಮನೆ ಬೆಕ್ಕು ಇದನ್ನ ತಿಂದು ತಟ್ಟೆ ನೆಕ್ಕೋ ಸದ್ದಿಗೆ ನನಗೆ ಎಚ್ಚರ ಆಗುತ್ತೆ." ಡಬ್ಬ ತೆರೆದರೆ ಪರಿಮಳ ಗಲ್ಲಿಯ ಕೊನೆಗೆ ಹೋಯಿತು. ಆ-ಲಿಯಾಂಗನ ಬಾಯಲ್ಲೇ ನೀರೂರಿತು. ಹೋಚಿಯೋ ಬಂದು ಮೂಸಿ, ನೆಲ ಕೆರೆದು, ಗೋಡೆಗೆ ತಿರುಗಿತು.

"ಅಯ್ಯೋ, ಎಷ್ಟು ಕೊಬ್ಬು!" ಎಂದು ಶು-ಚಿನ್ ಮುಖ ಕೆಂಪಗೆ ಮಾಡಿಕೊಂಡಳು. ತನ್ನ ಅಡುಗೆಯನ್ನೇ ಹಳಿದಷ್ಟು ಸಿಟ್ಟು ಅವಳಿಗೆ.

ಅಷ್ಟರಲ್ಲಿ ನಿವೃತ್ತ ಶಿಕ್ಷಕಿ ತ್ಸೆಂಗ್ ಮೇಡಂ ಬೆಕ್ಕಿನ ಒಣ ಆಹಾರದ ಕಾಳಿನ ಚೀಲ ಮತ್ತು ತಕ್ಕಡಿ ತಂದರು. "ಪ್ರಾಣಿಗಳ ಆಹಾರ ಅನ್ನೋದು ವಿಜ್ಞಾನ. ಮನಸ್ಸಿಗೆ ಬಂದ ಹಾಗೆ ಸುರಿಯೋದಲ್ಲ" ಎಂದು ತೂಗಿ, ಉಗುರು ಬೆಚ್ಚಗಿನ ನೀರು ಚಿಮುಕಿಸಿ, ನೆನೆಯಲು ಬಿಟ್ಟು ಬಡಿಸಿದರು. ಹೋಚಿಯೋ ಈ ಸಲ ಮೂಸಲೂ ಇಲ್ಲ. ಎದ್ದು ಹೋಗಿ ತಕ್ಕಡಿಯಲ್ಲಿ ಮಲಗಿತು.

"ಹಸಿವೇ ಇಲ್ಲದ ಹೊಟ್ಟೆಗೆ ಏನು ಕೊಟ್ಟರೇನು? ಮೊದಲು ಹಸಿವು ಹುಟ್ಟಿಸ್ಬೇಕು" ಎನ್ನುತ್ತ ನಾಟಿ ಔಷಧದಂಗಡಿಯ ಲಿಯೋ ತಾತ ಒಂದು ಪೊಟ್ಟಣ ಬಿಚ್ಚಿದರು. ಯಾವುದೋ ಬೆಟ್ಟದ ಬಳ್ಳಿಯ ಪುಡಿ. ಚಿಟಿಕೆಯಷ್ಟು ಸಾಕಂತೆ. ತಾತನ ಕೈ ನಡುಗಿ ಅರ್ಧ ಪೊಟ್ಟಣ ಬೆಕ್ಕಿನ ಮೂಗಿನ ಮೇಲೇ ಸುರಿಯಿತು.

ಹೋಚಿಯೋ ಒಮ್ಮೆ ಸೀನಿತು. ಕಣ್ಣು ದೊಡ್ಡದಾಯಿತು. ಆಮೇಲೆ ಹೆಂಡ ಕುಡಿದವರ ಹಾಗೆ ನೆಲದ ಮೇಲೆ ಉರುಳಾಡಿ, ಮೇಡಂ ತಂದ ಕಾಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ, ಬಾಗಿಲಾಚೆ ಜಿಗಿಯಿತು. ನೇರ ಹೋಗಿದ್ದು ಶು-ಚಿನ್ ಅಂಗಡಿಗೆ. ಅಲ್ಲಿ ಗುಂಗುರು ಮಾಡಿಸಿಕೊಳ್ಳಲು ತಲೆ ತುಂಬ ಸುರುಳಿ ಸಿಕ್ಕಿಸಿಕೊಂಡು ಕುಳಿತಿದ್ದ ಹೆಂಗಸಿನ ತಲೆಯನ್ನೇ ಮೆಟ್ಟಿಲು ಮಾಡಿಕೊಂಡು ಹಿಂದಿನ ಕಿಟಕಿಯಿಂದ ಹಾರಿತು. ಹೆಂಗಸು ಕಿರುಚಿಕೊಂಡಳು. ಬೆಕ್ಕಿನ ಹಿಂದೆ ಆ-ಲಿಯಾಂಗ್, ಅವನ ಹಿಂದೆ ಶು-ಚಿನ್, ತ್ಸೆಂಗ್ ಮೇಡಂ, ಕೊನೆಗೆ "ಚಿಟಿಕೆ ಅಂದಿದ್ದೆ ನಾನು!" ಎಂದು ಕೂಗುತ್ತ ಲಿಯೋ ತಾತ, ಹೀಗೆ ಗಲ್ಲಿಯೇ ಓಡಿತು.

ಗಲ್ಲಿಯ ಕೊನೆಯ ಆಲದ ಕೆಳಗೆ ನೆಲದಜ್ಜನ ಪುಟ್ಟ ಗುಡಿ. ಆ ನೆಲವನ್ನು ಕಾಯುವ, ಬಿಳಿ ಗಡ್ಡದ, ನಗುಮುಖದ ದೇವರು. ಹೋಚಿಯೋ ಅವನ ಮುಂದಿನ ಹಲಗೆ ಹತ್ತಿ ಕುಳಿತಿತ್ತು. ಪಕ್ಕದಲ್ಲಿ ಯಾರೋ ಇಟ್ಟಿದ್ದ ಇಡೀ ಬೇಯಿಸಿದ ಬಾತುಕೋಳಿ. ಅದನ್ನೂ ಮೂಸಿ, ದೇವರೆದುರೇ ಹಲಗೆ ಕೆರೆಯಿತು.

"ಮುಗೀತು. ದೇವರ ನೈವೇದ್ಯಾನೂ ಬೇಡ ಅಂತು" ಎಂದು ಆ-ಲಿಯಾಂಗ್ ಕುಸಿದು ಕುಳಿತ. ಅತ್ತೆಯ ಅಕ್ಕನ ಮಗ ತನ್ನ ಒಲೆಯ ಮುಂದೆ ನಿಂತು ಸೌಟು ತಿರುಗಿಸುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ನಿಜವಾಗಿಯೂ ಅಳು ಬಂತು.

"ಇಲ್ಲೀವರೆಗೂ ಬಂದಿದೀಯ, ಅಜ್ಜನ್ನೇ ಕೇಳು" ಅಂದಳು ಶು-ಚಿನ್.

ಗುಡಿಯಲ್ಲಿಟ್ಟಿದ್ದ, ಒಂದು ಬದಿ ಚಪ್ಪಟೆ ಒಂದು ಬದಿ ಉಬ್ಬಿದ, ಅರ್ಧಚಂದ್ರದ ಆಕಾರದ ಎರಡು ಕೆಂಪು ಮರದ ತುಂಡುಗಳನ್ನು ಆ-ಲಿಯಾಂಗ್ ಕೈಗೆ ತೆಗೆದುಕೊಂಡ. ನೆಲಕ್ಕೆ ಎಸೆದಾಗ ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವರು ಹೂಂ ಅಂದ ಹಾಗೆ. ಎರಡೂ ಮಗುಚಿ ಬಿದ್ದರೆ ಊಹೂಂ. ಎರಡೂ ಅಂಗಾತ ಬಿದ್ದರೆ ದೇವರಿಗೆ ನಗು ಬಂದಿದೆ ಎಂದರ್ಥ.

"ಡಬ್ಬದ ಮೀನು ತಿನ್ನುತ್ತಾ ಅಜ್ಜಾ?" ಊಹೂಂ. "ಕಾಳು?" ಊಹೂಂ. "ಹಾಗಾದ್ರೆ ಇದಕ್ಕೇನು ಬೇಕು?" ಎರಡೂ ಅಂಗಾತ.

"ಹೂಂ-ಊಹೂಂ ಅನ್ನೋ ಹಾಗೆ ಕೇಳ್ಬೇಕಪ್ಪ, ದೇವರ ಕೈಲಿ ಪ್ರಬಂಧ ಬರೆಸೋ ಹಾಗಲ್ಲ" ಎಂದರು ಮೇಡಂ.

"ಬರಿಗೈಲಿ ಕೇಳಿದ್ರೆ ಯಾರು ಕೊಡ್ತಾರೆ? ಹರಕೆ ಹೊತ್ಕೋ" ಎಂದಳು ಶು-ಚಿನ್.

ಅವನು ಕಡಲೆಕಾಯಿ ಮಿಠಾಯಿ ಕೊಡುತ್ತೇನೆಂದು ಹರಕೆ ಹೊತ್ತ. ಊಹೂಂ. ಸಿಗರೇಟು ಬಿಡುತ್ತೇನೆಂದ. ದೇವರಿಗೆ ನಗು.

"ಸಿಗರೇಟು ಬಿಟ್ಟು ಎಷ್ಟು ಕಾಲ ಆಯ್ತೋ! ಅಜ್ಜನಿಗೇ ಟೋಪಿ ಹಾಕ್ತೀಯಾ?" ಎಂದು ಲಿಯೋ ತಾತ ಗದರಿದರು. "ಪ್ರಾಣಕ್ಕಿಂತ ಇಷ್ಟವಾದದ್ದನ್ನ ಬಿಡು, ಆಗ ಕೇಳ್ತಾನೆ."

ಆ-ಲಿಯಾಂಗ್ ಕಣ್ಣು ಮುಚ್ಚಿದ. ಅವನಿಗೆ ಪ್ರಾಣಕ್ಕಿಂತ ಇಷ್ಟವಾದದ್ದು ಹೂಮೀನಿನ ಹೊಟ್ಟೆಯ ಭಾಗ, ನಾಲಿಗೆಯ ಮೇಲಿಟ್ಟರೆ ಬೆಣ್ಣೆಯಂತೆ ಕರಗುವಂಥದ್ದು. ದಿನವೆಲ್ಲ ಮುಳ್ಳು ಕಿತ್ತ ಬೆರಳುಗಳ ನೋವು ಅದೊಂದು ತುಣುಕಿಗೆ ಮರೆತುಹೋಗುತ್ತಿತ್ತು.

"ಅತ್ತೆ ಬರೋದ್ರೊಳಗೆ ಹೋಚಿಯೋ ಹೊಟ್ಟೆ ತುಂಬ ತಿಂದ್ರೆ, ಇನ್ನು ಬದುಕಿರೋವರೆಗೂ ಹೂಮೀನು ಬಾಯಿಗಿಡಲ್ಲ ಅಜ್ಜಾ."

"ಸಾರು ಸೇರಿತೋ ಇಲ್ವೋ, ಸ್ಪಷ್ಟವಾಗಿ ಹೇಳು. ಆಮೇಲೆ ಗೊಂದಲ ಬೇಡ" ಎಂದರು ತ್ಸೆಂಗ್ ಮೇಡಂ.

"ಸಾರೂ ಇಲ್ಲ. ಒಂದು ತೊಟ್ಟೂ ಇಲ್ಲ."

ತುಂಡುಗಳು ಬಿದ್ದವು. ಹೂಂ. ಮತ್ತೆ ಹೂಂ. ಮೂರನೆಯ ಸಲವೂ ಹೂಂ. ಎಲ್ಲರೂ ಕೈ ಮುಗಿದರು.

ಬೆಕ್ಕನ್ನು ಕಂಕುಳಲ್ಲಿರಿಸಿಕೊಂಡು ಅಂಗಡಿಗೆ ಬಂದದ್ದಾಯಿತು. ಹೊತ್ತು ಇಳಿಯುತ್ತಿತ್ತು. ಮೂವರೂ ಹೊರಗಿನ ಸ್ಟೂಲುಗಳ ಮೇಲೆ ಕಾದು ಕುಳಿತರು. ದೇವರು ಹೂಂ ಅಂದರೂ ಬೆಕ್ಕು ಅನ್ನಬೇಕಲ್ಲ! ಅದು ಮೂಲೆಯಲ್ಲಿ ಮುದುಡಿ ಮಲಗಿತು.

'ಹೇಗೂ ಸೌಟು ಹೋಯಿತು' ಎಂದುಕೊಂಡ ಆ-ಲಿಯಾಂಗ್. 'ಅತ್ತೆ ದಣಿದು ಬರುತ್ತಾಳೆ. ಜನ್ಮದಲ್ಲಿ ಒಂದು ಸಲವಾದರೂ ನನ್ನ ಸಾರು ಮಾಡಿಬಿಡುತ್ತೇನೆ.' ಸಣ್ಣ ಪಾತ್ರೆ ಒಲೆಗಿಟ್ಟ. ವರ್ಷಗಳಿಂದ ಮನಸ್ಸಿನಲ್ಲೇ ಕುದಿಸಿಟ್ಟಿದ್ದ ಸಾರು ಅದು. ಮುಳ್ಳುಗಳನ್ನು ಮೊದಲು ಕೆಂಡದ ಮೇಲೆ ಕೆಂಪಗೆ ಸುಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಒಂದು ಎಳೆ ಶುಂಠಿ. ಮೀನು ಹಾಕಿದ. ಉಪ್ಪಿಗೆ ಮೊದಲು ಹದ ನೋಡೋಣವೆಂದು ಚಮಚ ತುಟಿಗೆ ಒಯ್ದ.

"ಹರಕೆ!" ಎಂದು ಹೊರಗಿನಿಂದ ಮೂರು ಗಂಟಲು ಒಟ್ಟಿಗೆ ಕೂಗಿದವು.

ಚಮಚ ಕೈತಪ್ಪಿ ನೆಲಕ್ಕೆ ಬಿತ್ತು. ಮೂಲೆಯಲ್ಲಿ ಒಂದು ಕಿವಿ ನಿಮಿರಿತು. ಹೋಚಿಯೋ ಎದ್ದು, ಮೈ ಮುರಿದು, ಬಂದು ನೆಲದ ಸಾರನ್ನು ಮೂಸಿತು. ಮೂವರೂ ಸ್ಟೂಲುಗಳಿಂದ ಎದ್ದು ಬಾಗಿಲಿಗೆ ಬಂದರು. ಪುಟ್ಟ ನಾಲಿಗೆ ಹೊರಗೆ ಬಂತು. ನೆಲ ಚೊಕ್ಕಟವಾಯಿತು. ಆಮೇಲೆ ಆ-ಲಿಯಾಂಗನ ಮುಖ ನೋಡಿ, "ಮಿಯಾಂವ್, ಇಷ್ಟೇನಾ?" ಎನ್ನುವಂತೆ ಕೂಗಿತು.

ಅವನು ಬಟ್ಟಲಿಗೆ ಬಡಿಸಿ, ಆರಿಸಿ ಇಟ್ಟ. ಬೆಕ್ಕು ತಿಂದಿತು. ಇನ್ನೊಂದು ಬಟ್ಟಲು ಕೇಳಿ ತಿಂದಿತು. ಶು-ಚಿನ್ ಬಾಚಣಿಗೆ ಮೇಲಕ್ಕೆಸೆದು ಕುಣಿದಳು. "ನನ್ನ ಪುಡಿ ಕಣ್ರೋ, ಈಗ ಕೆಲಸ ಮಾಡ್ತು!" ಎಂದರು ಲಿಯೋ ತಾತ. ಆ-ಲಿಯಾಂಗ್ ನಗುತ್ತಲೇ ಅಳುತ್ತಿದ್ದ.

ಆಗಲೇ ಗಲ್ಲಿಯ ತುದಿಯಲ್ಲಿ ಪಟಾಕಿ ಸದ್ದು. ಧೂಳು ಮೆತ್ತಿದ ಬೂಟು, ಹಳದಿ ಟೋಪಿ, ಹಿಂದೆ ಚೀಲ ಹೊತ್ತು ಏದುಸಿರು ಬಿಡುವ ಮಗಳು ಮೇ-ಯುನ್. ಅತ್ತೆ ಬಂದೇಬಿಟ್ಟಳು. ಗುಂಡಗಿನ ಹೊಟ್ಟೆ ತೂಗಿಸಿಕೊಂಡು ಹೋಚಿಯೋ ಬಾಗಿಲಿಗೇ ಹೋಗಿ ಅವಳ ಕಾಲಿಗೆ ಮೈ ಉಜ್ಜಿತು.

ಅತ್ತೆ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿದಳು. ಪಾತ್ರೆಯ ಹತ್ತಿರ ಹೋಗಿ ಸಾರು ಬಾಯಿಗಿಟ್ಟಳು.

"ಉಪ್ಪಿಲ್ಲ" ಅಂದಳು. ಮತ್ತೊಮ್ಮೆ ಕುಡಿದಳು. "ಉಪ್ಪು ಹಾಕಿದ್ರೆ ನನ್ನ ಸಾರಿಗಿಂತ... ಕೆಟ್ಟದಾಗೇನೂ ಇರಲ್ಲ."

ಆಕೆ ಗಂಡನನ್ನೂ ಇಷ್ಟು ಹೊಗಳಿದ್ದನ್ನು ಯಾರೂ ಕೇಳಿರಲಿಲ್ಲ. ಗೋಡೆಯ ಮೊಳೆಯಿಂದ ಸೌಟು ತೆಗೆದು, ಎರಡೂ ಕೈಯಲ್ಲಿ ಹಿಡಿದು, ಅಳಿಯನಿಗೆ ಕೊಟ್ಟಳು. ಗಲ್ಲಿಯೆಲ್ಲ ಚಪ್ಪಾಳೆ. ಉಳಿದ ಪಟಾಕಿಗೂ ಲಿಯೋ ತಾತ ಬೆಂಕಿ ಇಟ್ಟರು. ಆ-ಲಿಯಾಂಗ್ ಸೌಟನ್ನು ತಲೆಯ ಮೇಲೆತ್ತಿ ಹಿಡಿದು ನಿಂತ. ಅಂಥ ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಸರಿ, ಉಪ್ಪು ಹಾಕು, ರುಚಿ ನೋಡು, ಎಲ್ಲರಿಗೂ ಬಡಿಸು" ಎಂದಳು ಅತ್ತೆ.

ಉಪ್ಪು ಹಾಕಿದ. ಸೌಟು ತುಟಿಯ ಹತ್ತಿರ ಹೋಗಿ ನಿಂತಿತು. ಅಲ್ಲೇ ನಿಂತಿತು.

"ಅವನು ಕುಡಿಯೋ ಹಾಗಿಲ್ಲ!" ಎಂದು ತ್ಸೆಂಗ್ ಮೇಡಂ ಹೆಮ್ಮೆಯಿಂದ ಹರಕೆಯ ಕತೆಯನ್ನೆಲ್ಲ ಒಪ್ಪಿಸಿದರು. "ಮೂರು ಸಲ ಹೂಂ ಅಂದಿದಾನೆ ಅಜ್ಜ. ನಾವೇ ಸಾಕ್ಷಿ."

ಅತ್ತೆಯ ಮುಖ ಬಿಗಿಯಾಯಿತು. "ಸಾರೂ ಇಲ್ಲ ಅಂದ್ಯಾ?"

"ಮೇಡಂ ಸ್ಪಷ್ಟವಾಗಿ ಹೇಳು ಅಂದ್ರು" ಎಂದ ಆ-ಲಿಯಾಂಗ್ ಸಣ್ಣ ದನಿಯಲ್ಲಿ.

"ರುಚಿ ನೋಡದೆ ಬಡಿಸೋ ಸಾರು ನಮ್ಮ ಅಂಗಡೀಲಿ ಇಲ್ಲ. ದೇವರಿಗೆ ಕೊಟ್ಟ ಮಾತು ಮುರಿಯೋ ಹಾಗೂ ಇಲ್ಲ. ರುಚಿ ನೋಡಕ್ಕೆ ನಸುಕಿಗೆ ಏಳೋದು ನನಗಿನ್ನು ಆಗಲ್ಲ."

"ನನ್ನನ್ನ ಎಬ್ಬಿಸಿದ್ರೆ ನೋಡಿ!" ಎಂದಳು ಅವನ ಹೆಂಡತಿ ಮೇ-ಯುನ್ ಚೀಲದ ಮೇಲೆ ಒರಗಿಕೊಂಡೇ.

ಅತ್ತೆಯ ಕಣ್ಣು ಮೀಸೆ ನೆಕ್ಕಿಕೊಳ್ಳುತ್ತಿದ್ದ ಹೋಚಿಯೋ ಮೇಲೆ ಬಿತ್ತು. ಮುಖ ಅರಳಿತು. "ಇದು ಇದೆಯಲ್ಲ! ದಿನಾ ಉಪ್ಪು ಹಾಕೋ ಮೊದಲು ಇದಕ್ಕೊಂದು ಬಟ್ಟಲು ಇಡು. ತಿಂದ್ರೆ ಬಾಗಿಲು ತೆಗಿ. ಮೂಸಿ ತಿರುಗಿ ಕೂತ್ರೆ ಸಾರು ಚೆಲ್ಲಿ ಬಟ್ಟಲು ತೊಳಿ."

ಇದಕ್ಕೂ ಗಲ್ಲಿ ಚಪ್ಪಾಳೆ ತಟ್ಟಿತು.

ಮರುದಿನ ನಸುಕಿನಲ್ಲಿ ಆ-ಲಿಯಾಂಗ್ ಅದೇ ಮುಳ್ಳು ಸುಟ್ಟ, ಅದೇ ಉರಿಯಲ್ಲಿ ಬೇಯಿಸಿದ, ಅದೇ ಎಳೆ ಶುಂಠಿ ಹಾಕಿದ. ಬಾಗಿಲಾಚೆ ಅಳಿಯನ ಹೊಸ ಸಾರು ಕುಡಿಯಲು ಹಿಂದೆಂದೂ ಇಲ್ಲದಷ್ಟು ಜನ ಸಾಲು ನಿಂತಿದ್ದರು. ಆರಿಸಿದ ಬಟ್ಟಲನ್ನು ಬೆಕ್ಕಿನ ಮುಂದಿಟ್ಟ.

ಹೋಚಿಯೋ ಒಮ್ಮೆ ಮೂಸಿತು. ಮುಂಗಾಲಿನಿಂದ ನೆಲ ಕೆರೆದು, ಗೋಡೆಯ ಕಡೆ ತಿರುಗಿ ಕುಳಿತಿತು.

ಸಾಲಿನಲ್ಲಿದ್ದವರು ನೋಡನೋಡುತ್ತಿದ್ದಂತೆ ಸೌಟು ಕೈಯಲ್ಲಿ ಹಿಡಿದೇ ಆ-ಲಿಯಾಂಗ್ ಆಲದ ಮರದ ಕಡೆ ಓಡಿದ. "ಅಜ್ಜಾ, ಇವತ್ತು ಇದಕ್ಕೆ ತಿನ್ನಿಸ್ತೀಯಾ?" ಎಂದು ಕೆಂಪು ತುಂಡುಗಳನ್ನು ಎಸೆದ.

ಎರಡೂ ಅಂಗಾತ ಬಿದ್ದವು.