ಎರಡೂ ಬದಿಯಲ್ಲಿ ನಾನಿಲ್ಲ

ನನ್ನ ಹೆಂಡತಿ ಐವಲೀನ್‌ಗೆ ಸಂಗೀತದ ಗಂಧಗಾಳಿಯೂ ಇಲ್ಲ ಎಂದು ಕಿಂಗ್‌ಸ್ಟನ್ ತುಂಬ ಹೇಳಿಕೊಂಡು ಬಂದವನು ನಾನು. (ಅವಳಿಲ್ಲದ ಕಡೆ ಮಾತ್ರ.) ನಮ್ಮ ಗಲ್ಲಿಯ ಶೆಡ್ಡೊಂದರಲ್ಲಿ ಹುಟ್ಟಿ, ಒಂದಷ್ಟು ವರ್ಷ ರೆಗ್ಗೆ ರೆಕಾರ್ಡು ಹೊರಡಿಸಿ, ಅಲ್ಲೇ ಕಣ್ಣು ಮುಚ್ಚಿದ ನೀಲಿ ಪೆಲಿಕನ್ ಕಂಪನಿಯ ಗಾನಗಂಧರ್ವ ಈಗ್ಬರ್ಟ್ ಎಂದರೆ ನಾನೇ. ಆದರೇನು, ನಾನು ಬಚ್ಚಲಲ್ಲಿ ಬಾಯಿ ತೆರೆದರೆ ಇವಳು ಕಿಟಕಿ ಮುಚ್ಚುತ್ತಾಳೆ.

ಹೀಗಿರುವಾಗ ಒಸಾಕಾದಿಂದ ತಕೆಮೊರಿ ಎಂಬ ಪುಣ್ಯಾತ್ಮನ ಫೋನು ಬಂತು. ಹಳೇ ರೆಕಾರ್ಡು ಕೂಡಿಡುವ ಹುಚ್ಚು ಅವನಿಗೆ. ನೀಲಿ ಪೆಲಿಕನ್ನಿನ ಚರಿತ್ರೆ ಬರೆಯುತ್ತಿದ್ದಾನಂತೆ. "ಮುಖಪುಟಕ್ಕೆ ನಿಮ್ಮ ರೆಕಾರ್ಡೇ" ಅಂದ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನನ್ನ ಕಂಠದ ಬಗ್ಗೆ ಯಾರಾದರೂ ಒಂದು ಪುಟ ಬರೆಯಬೇಕು, ಅದನ್ನು ಇವಳು ಓದಬೇಕು. ಅಷ್ಟೇ ನನ್ನಾಸೆ.

ಭಾನುವಾರ ಬಂದ. ನಾನು ಅಂಗಳದ ಅಕೀ ಹಣ್ಣಿನ ಮರದ ಕೆಳಗೆ ನಿಂತು ರೆಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವನು ಬಗ್ಗಿ ನಮಸ್ಕರಿಸಿ, ತಿರುಗಿಸಿ ನೋಡಿ, "ಇದಲ್ಲ" ಅಂದ.

"ಇದಲ್ಲ ಅಂದ್ರೆ?"

"ಕಾರ್ಖಾನೇಲಿ ತಪ್ಪಾಗಿ ಎರಡೂ ಬದಿಗೆ ವರ್ಷನ್ನೇ ಒತ್ತಿಬಿಟ್ಟಿದ್ರಲ್ಲ, ಅದು ಬೇಕು. ಅದಕ್ಕೋಸ್ಕರ ಜನ ಪ್ರಾಣ ಬಿಡ್ತಾರೆ."

ವರ್ಷನ್ ಎಂದರೆ, ಹಾಡುಗಾರನನ್ನು ಆಚೆ ಕಳಿಸಿ ಮಿಕ್ಕ ವಾದ್ಯಗಳನ್ನಷ್ಟೇ ಉಳಿಸಿಕೊಂಡ ಅದೇ ಹಾಡು. ಎಲ್ಲರ ರೆಕಾರ್ಡಿನಲ್ಲೂ ಅದು ಹಿಂಬದಿಗೆ ಇರುತ್ತದೆ, ಮುಂದೆ ಹಾಡುಗಾರ. ಅವನು ಕೇಳಿದ ಆ ದರಿದ್ರ ರೆಕಾರ್ಡಿನಲ್ಲಿ ಮಾತ್ರ ನಾನು ಯಾವ ಬದಿಯಲ್ಲೂ ಇಲ್ಲ.

"ಅವನ್ನೆಲ್ಲ ಆಗಲೇ ಎಸೆದಾಯ್ತು" ಅಂದೆ.

"ಒಂದಿದೆ ಮಗಾ!" ಒಳಗಿಂದ ಐವಲೀನ್ ತಕೆಮೊರಿಗೆ ಕೂಗಿ ಹೇಳಿದಳು. ಚರ್ಚಿಗೆ ಹಾಕಿಕೊಳ್ಳುವ ಟೋಪಿಯ ಡಬ್ಬಿಯಿಂದ ಅದನ್ನು ತಂದೇ ತಂದಳು.

"ಇದನ್ನ ಯಾವಾಗ ಕೇಳ್ತೀಯೇ?"

"ನೀನು ಡಾಮಿನೋ ಆಡೋಕೆ ಹೋದಾಗ. ಮನೇಲೂ ನೀನಿರಲ್ಲ, ರೆಕಾರ್ಡಲ್ಲೂ ಇರಲ್ಲ. ಸ್ವರ್ಗ ಕಣೋ."

ರೆಕಾರ್ಡನ್ನು ಪ್ಲೇಯರಿಗೆ ಹಾಕಿ ಮುಳ್ಳು ಇಟ್ಟಳು. ಬೇಸ್ ಗಿಟಾರಿನ ತಗ್ಗು ದನಿ ನೆಲದಡಿಯಿಂದೆದ್ದು ನಿಧಾನಕ್ಕೆ ಮೊಣಕಾಲಿಗೆ ಬಂತು. ಗಿಟಾರಿನ ಒಂದು ಮಿಡಿತ ತಗಡಿನ ಬೇಲಿ ದಾಟಿ, ಸಮುದ್ರದ ಕಡೆ ಹೋಗಿ, ಮನಸ್ಸಿಲ್ಲದ ಮನಸ್ಸಿನಿಂದ ವಾಪಸು ಬಂತು. ಮರದ ನೆರಳು ತೂಗಿತು. ತಕೆಮೊರಿ ಕಣ್ಣು ಮುಚ್ಚಿದ. ಕಾಳಿನ ಅನ್ನದ ತೆಂಗಿನಹಾಲಿನ ಘಮವೂ ಅವಸರವಿಲ್ಲದೆ ಅಂಗಳದಲ್ಲಿ ಸುಳಿದಾಡುತ್ತಿತ್ತು. ನನಗೇ ಜೋಂಪು ಹತ್ತಿತು. ಅಷ್ಟರಲ್ಲಿ ಎಲ್ಲೋ ದೂರ, ಯಾರೋ ಉಸಿರೆಳೆದುಕೊಂಡ ಸದ್ದು. ಅದೂ ಕರಗಿ ಹೋಯಿತು.

"ಅದು ನೀನೇ," ಐವಲೀನ್ ಮೆಲ್ಲಗೆ ಅಂದಳು. "ಹಾಡೋಕೆ ಮುಂಚೆ ಎಳ್ಕೊಂಡ ಉಸಿರು. ಅಳಿಸೋದು ಮರ್ತಿದ್ದಾರೆ. ಅದಕ್ಕೇ ಇಟ್ಕೊಂಡಿದೀನಿ."

ಇವಳ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಆ ಉಸಿರಿನ ಮುಂದಿನ ಸಾಲನ್ನು ಇವಳಿಗಾಗಿಯೇ ಹಾಡೋಣವೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಐವಲೀನ್ ಒಂದು ಸೌಟು ಅನ್ನ ತುರುಕಿದಳು. ತಕೆಮೊರಿಯ ಕ್ಯಾಮೆರಾ ಕ್ಲಿಕ್ ಅಂದಿತು.

ಪುಸ್ತಕ ಬಂದಿದೆ. ಮುಖಪುಟದಲ್ಲಿ ನಾನೇ ಇದ್ದೇನೆ, ಎರಡೂ ಕೆನ್ನೆ ಊದಿಸಿಕೊಂಡು, ಬಾಯಿತುಂಬ ಅನ್ನ. ಐವಲೀನ್ ಅದನ್ನು ಬಂದವರಿಗೆಲ್ಲ ತೋರಿಸುತ್ತಾಳೆ.