ಚೆನ್ನೈ ಕಣ್ಣುಗಳೆಲ್ಲ ಸೋಮಾರಿಯಾದದ್ದು

ಚೆನ್ನೈ ಮಹಾನಗರದಲ್ಲಿ ಸರಿಯಾದ ಕಣ್ಣಿರುವವರು ಇಬ್ಬರೇ ಎಂದು ಯಂತ್ರದ ಮೂಲಕ ದೃಢಪಟ್ಟಿದೆ. ಮೊದಲನೆಯವನು ನಾನು. ಇದರಲ್ಲಿ ನನ್ನ ಜಂಬ ಏನೂ ಇಲ್ಲ.

ಮೊಮ್ಮಗಳು ಅನ್ವಿತಾಳ ಎಡಗಣ್ಣು ಸೋಮಾರಿ. ಬೆಸೆಂಟ್ ನಗರದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಭೋಜರಾಜರು ಅವಳ ಕಣ್ಣಂಚಿಗೂ ತಲೆಯ ಹಿಂದಕ್ಕೂ ತಂತಿ ಅಂಟಿಸಿ, ಟೀವಿಯಲ್ಲಿ ಕಪ್ಪುಬಿಳಿ ಚೌಕ ಕುಣಿಸಿದರು.

"ರೆಟಿನಾ ಕರೆಂಟು ಸರಿಯಾಗೇ ಕಳಿಸ್ತಿದೆ. ಮೆದುಳು ತಡವಾಗಿ ತಗೊಳ್ತಿದೆ."

ಅಂದರೆ ಕೆಳಗಿನ ಕಚೇರಿ ಕಡತ ಕಳಿಸಿದೆ, ಮೇಲಿನವರು ಬಿಚ್ಚಿಲ್ಲ.

"ಒಳ್ಳೇ ಕಣ್ಣಿಗೆ ಪಟ್ಟಿ ಹಾಕಿ ಸೋಮಾರಿಗೆ ಕೆಲಸ ಕೊಡಿ. ಈಗ ಬಿಟ್ಟರೆ ಮೆದುಳು ಆ ಕಣ್ಣನ್ನೇ ಮರೆಯುತ್ತೆ."

"ವೇಂಡಾಂ ತಾತಾ, ಬೇಡ! ಕ್ಲಾಸಲ್ಲಿ ಪೈರೇಟ್ ಪೈರೇಟ್ ಅಂತ ಕೂಗ್ತಾರೆ!" ಹುಡುಗಿ ಪಟ್ಟಿ ಕಿತ್ತು ನನ್ನ ಬೋಳುತಲೆಗೆ ಅಂಟಿಸಿದಳು.

ಯಂತ್ರ ಹೊಸದು. ನಿಯಮದಂತೆ, ಸರಿಯಾದ ಕಣ್ಣೊಂದನ್ನು ಅಳೆದು ಅದನ್ನೇ ಅಳತೆಗೋಲು ಮಾಡುವವರೆಗೆ ಯಾರ ವರದಿಗೂ ಮುದ್ರೆ ಬೀಳದು. ನಾನು ಕುರ್ಚಿ ಏರಿದೆ. ಕೋಯಂಬೇಡು ಮಾರುಕಟ್ಟೆಯಲ್ಲಿ ಈರುಳ್ಳಿ ಹರಾಜು ಕೂಗಿದವನು ನಾನು. ಎದುರಿನವನು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟು ಅಭ್ಯಾಸ. ಚೌಕ ಮೂಡುವ ಮೊದಲೇ ನನ್ನ ಮೆದುಳು "ಆಯ್ತು, ಮುಂದಿಂದು ತಾ" ಅಂದುಬಿಟ್ಟಿತು.

"ಇದು ಹ್ಯಾಗೆ ಸಾಧ್ಯ, ಸೋಮಲಿಂಗಪ್ಪನವರೇ?"

"ನಿಮ್ಮ ಯಂತ್ರ ನಿಧಾನ, ಸ್ವಾಮಿ."

ನನ್ನ ಕಣ್ಣೇ ಅಳತೆಗೋಲೆಂದು ಮುದ್ರೆ ಬಿತ್ತು. ತದನಂತರ ಕುರ್ಚಿ ಏರಿದವರೆಲ್ಲ ಸೋಮಾರಿಗಳೆಂದು ಸಾಬೀತಾಯಿತು. ಭೋಜರಾಜರು ತಮಗೂ ಒಂದು ಪಟ್ಟಿ ಹಾಕಿಕೊಂಡು ಕೆಲಸ ಮುಂದುವರಿಸಿದರು. ನಗರಾಡಳಿತದ ಪ್ರಕಟಣೆಯೂ ಹೊರಬಿತ್ತು: "ಸಾರ್ವಜನಿಕರು ಎರಡೂ ಕಣ್ಣಲ್ಲಿ ನೋಡುತ್ತಾ ತಿರುಗುವುದನ್ನು ನಿಷೇಧಿಸಿದೆ. ಯಾವ ಕಣ್ಣು ಒಳ್ಳೆಯದೆಂಬ ಅನುಮಾನವಿದ್ದಲ್ಲಿ ದಿನಾ ಬದಲಿಸತಕ್ಕದ್ದು." ಪೆರುಂಗುಡಿಯ ಕಂಪನಿಗಳು, ನೋಡುವ ಕಣ್ಣು ಅರ್ಧವಾದ ಕಾರಣ, ದೀಪಗಳನ್ನೂ ಅರ್ಧ ಆರಿಸಿದವು. ಆಸ್ಪತ್ರೆಯವರು ಮದುವೆಗೆಂದು ಜರಿಯಂಚಿನ ಪಟ್ಟಿ ಮಾರಿದರು.

ಅನ್ವಿತಾಳ ಕ್ಲಾಸಿಗೆ ಕ್ಲಾಸೇ ಪಟ್ಟಿ ಹಾಕಿತು. ಕೂಗುವವರು ಯಾರು? ನಮ್ಮ ಹುಡುಗಿ ಮಲಗುವಾಗಲೂ ಪಟ್ಟಿ ಬಿಚ್ಚಲಿಲ್ಲ. ಬೇಸಿಗೆ ರಜೆಯ ಹೊತ್ತಿಗೆ ಎಡಗಣ್ಣು ಎಷ್ಟು ಚುರುಕಾಯಿತೆಂದರೆ, ಮರುಪರೀಕ್ಷೆಯಲ್ಲಿ ಅವಳ ಮೆದುಳೂ ಚೌಕಕ್ಕಿಂತ ಮೊದಲು ಓಡಿತು. ನನ್ನ ರಕ್ತ!

"ವಾಸಿಯಾಯ್ತು ಪಾಪಾ. ಪಟ್ಟಿ ಬಿಚ್ಚು," ಎಂದರು ಭೋಜರಾಜರು.

"ನಾನೊಬ್ಬಳೇ ಎರಡು ಕಣ್ಣಲ್ಲಿ ಸ್ಕೂಲಿಗೆ ಹೋಗ್ಲಾ? ಅಯ್ಯೋ, ಅಸಿಂಗಂ, ನಾಚಿಕೆಗೇಡು!" ಅಂತ ನೆಲಕ್ಕೆ ಬಿದ್ದು ಹೊರಳಿದಳು.

ತಜ್ಞರ ಸಮಿತಿ ಸೇರಿತು. ಅನ್ವಿತಾಳನ್ನು ಅನುಕಂಪದ ಆಧಾರದ ಮೇಲೆ ಸೋಮಾರಿಯೆಂದು ಪರಿಗಣಿಸಿ, ನೋಡಲು ಅನುಕೂಲವಾಗುವಂತೆ ನಡುವೆ ತೂತಿರುವ ಪಟ್ಟಿ ಮಂಜೂರು ಮಾಡಿತು.

ಸದರಿ ಸೌಲಭ್ಯವನ್ನು ಈಗ ಇಡೀ ನಗರಕ್ಕೆ ವಿಸ್ತರಿಸಲಾಗಿದೆ. ಎಲ್ಲರೂ ಎರಡೂ ಕಣ್ಣಲ್ಲಿ ನೋಡುತ್ತಾರೆ. ಪಟ್ಟಿ ಮಾತ್ರ ಕಡ್ಡಾಯ.