ನಾಲ್ಕನೇ ನಂಬರಿಗೆ ಕಡಕ ರೊಟ್ಟಿ

ನನ್ನ ಹೆಂಡತಿಯ ತಮ್ಮನಷ್ಟು ಪಂಕ್ತಿಭೇದ ಮಾಡುವವನು ಬೈಲಹೊಂಗಲದಲ್ಲಿ ಇನ್ನೊಬ್ಬನಿಲ್ಲ! ಅವನ ಇಂಟರ್‌ನೆಟ್ ಅಂಗಡಿಯಲ್ಲಿ ಆರು ಕಂಪ್ಯೂಟರು. ಯಾರಿಗೆ ಹಳೆಯ ಪುಟ, ಯಾರಿಗೆ ತಾಜಾ ಎಂಬುದನ್ನು ಅವನೇ ತೀರ್ಮಾನಿಸುತ್ತಿದ್ದ.

ಆಗ ಲೈನು ಕುಂಟುತ್ತಿತ್ತು. ಅದಕ್ಕೆ ಮೂಲೆಯಲ್ಲೊಂದು ಪ್ರಾಕ್ಸಿ ಯಂತ್ರ. ಒಬ್ಬರು ತೆರೆದ ಪುಟವನ್ನು ಅದು ಕೂಡಿಡುತ್ತಿತ್ತು. ಮುಂದಿನವರು ಕೇಳಿದರೆ ಅದನ್ನೇ ಥಟ್ಟನೆ ಕೊಡುತ್ತಿತ್ತು. ಕೂಡಿಟ್ಟದ್ದಕ್ಕೆ ಅವನಿಟ್ಟ ಹೆಸರು ಕಡಕ ರೊಟ್ಟಿ, ಹೊರಗಿನಿಂದ ಹೊಸದಾಗಿ ತಂದದ್ದು ಬಿಸಿ ರೊಟ್ಟಿ. ಯಾವ ನಂಬರಿನ ಕಂಪ್ಯೂಟರಿಗೆ ಕಡಕ ಎಂಬ ಪಟ್ಟಿ ಯಂತ್ರದೊಳಗಿತ್ತು. ಸಿನಿಮಾ ಚಿತ್ರ ನೋಡುವವರಿಗೆ ಕಡಕ. ನೌಕರಿ, ಫಲಿತಾಂಶ ಎಂದವರಿಗೆ ಬಿಸಿ. ಬಂದ ಗಿರಾಕಿಗೆ, "ಹಸಿವು ಎಷ್ಟೈತ್ರಿ?" ಎಂದು ಕೇಳಿದರೆ ಯಾರು ತಾನೇ ಗಾಬರಿಯಾಗರು?

ರಾಮದುರ್ಗದ ಮದುವೆ ದಲ್ಲಾಳಿಯೊಬ್ಬ ಮಾತು ಕೇಳದೆ ಕಡಕಿನ ಕುರ್ಚಿಯಲ್ಲೇ ಕುಳಿತ. ಹೋದ ವಾರದ ವಧು-ವರರ ಪುಟದಲ್ಲಿ ಒಬ್ಬ ಹುಡುಗಿಯನ್ನು ನೋಡಿ, ವರನ ಕಡೆಯವರನ್ನು ಕಟ್ಟಿಕೊಂಡು ಸವದತ್ತಿಗೆ ಹೋದರೆ, ಆ ಹುಡುಗಿಯ ನಿಶ್ಚಿತಾರ್ಥದ ಊಟ ನಡೆದಿತ್ತಂತೆ. ಇವರೂ ಉಂಡು ಬಂದರಂತೆ!

ಹೆಂಡತಿಯ ತಮ್ಮನನ್ನು ನಾನು ಕರೆಯುವುದು ಅಳಿಯ ಎಂದೇ. ಅಳಿಯ ಹೊರಗೆ ಹೋದಾಗ ಅಂಗಡಿ ನನ್ನದು. ಪಟ್ಟಿ ತಿದ್ದುವುದನ್ನೂ ನನಗೆ ಕಲಿಸಿದ್ದ. ಅಲ್ಲೇ ಕೆಟ್ಟಿತು.

ಒಂದು ಮಧ್ಯಾಹ್ನ ಮುರಗೋಡದ ಹೆಣ್ಣುಮಗಳೊಬ್ಬಳು ಅಂಗನವಾಡಿ ನೌಕರಿಯ ಆಯ್ಕೆ ಪಟ್ಟಿ ನೋಡಲು ಬಂದಳು. ನಾಲ್ಕನೇ ನಂಬರಿಗೆ ಕೂಡಿಸಿದೆ. ಆಕೆಗೆ ಬಸ್ಸಿನ ಅವಸರ, ನನ್ನ ಕೈ ನಿಧಾನ.

"ಅಜ್ಜಾರ, ನಿಮಗ ಇದು ತಿಳಿಯೂದಿಲ್ಲ. ತಿಳಿದವ್ರನ್ನ ಕರೀರಿ," ಎಂದಳು.

ಹೈಸ್ಕೂಲು ಪಾಸಾದ ನನಗೆ! ಸಿಟ್ಟಿನಲ್ಲಿ ನಾಲ್ಕನೇ ನಂಬರನ್ನು ಕಡಕಿನ ಪಟ್ಟಿಗೆ ಸೇರಿಸಿದೆ. ನಿನ್ನೆಯ ಪುಟ ಬಂತು: ಆಯ್ಕೆ ಪಟ್ಟಿ ಇನ್ನೂ ಪ್ರಕಟವಾಗಿಲ್ಲ. ಆಕೆ ಚೀಲ ಎತ್ತಿಕೊಂಡು ಹೋದಳು.

ಆಮೇಲೆ ಕುಂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ತಾಜಾ ಪುಟ ತೆರೆದೆ. ಪಟ್ಟಿ ಬೆಳಿಗ್ಗೆಯೇ ಬಂದಿತ್ತು. ಆಕೆಯ ಅರ್ಜಿ ತುಂಬಿದ್ದು ನಮ್ಮಲ್ಲೇ; ಹೆಸರು ಗುರುತಿಸಿದೆ. ಮೂಲ ದಾಖಲೆ ತೋರಿಸಲು ಮರುದಿನವೇ ಕೊನೆ! ಬಾಗಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಬಸ್ಸು ಬಿಟ್ಟಾಗಿತ್ತು.

ಅಳಿಯ ಬಂದಾಗ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಬೈಕು ತಿರುಗಿಸಿ, "ಹತ್ರಿ ಮಾವಾರ," ಎಂದ.

ಮುರಗೋಡದಲ್ಲಿ ಕೇಳಿ ಕೇಳಿ ಮನೆ ಹುಡುಕಿದೆವು. ನಾನು ಬಾಯಿ ತೆರೆಯುವ ಮೊದಲೇ ಅವನು, "ತಪ್ಪು ನಂದರಿ ಅಕ್ಕಾರ. ನನ್ನ ಯಂತ್ರ ನಿಮಗ ಹಳೀ ಪುಟ ತೋರಿಸೈತಿ," ಎಂದುಬಿಟ್ಟ.

ದಾಖಲೆ ಮರುದಿನ ಮುಟ್ಟಿತು, ನೌಕರಿಯೂ ಸಿಕ್ಕಿತು. ಆದರೆ ಅಂದು ಆಕೆ ಚಹಾ ತಂದು ನನ್ನ ಕೈಗಿಟ್ಟು, "ಅಜ್ಜಾರ, ಮಧ್ಯಾಹ್ನ ನಾ ಭಾಳ ಹಗುರ ಮಾತಾಡಿದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ," ಎಂದಳು. ಆಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಕಪ್ಪಿನ ಚಹಾ ಬಸಿಗೆ ತುಳುಕತೊಡಗಿತು. ಅಳಿಯ ಆಕೆಯೊಡನೆ ಬಸ್ಸಿನ ಮಾತು ಆಡುತ್ತಲೇ, ನನ್ನ ಕಡೆ ನೋಡದೆ, ನನ್ನ ಕೈಯ ಕೆಳಗೆ ತನ್ನ ಕೈ ಇಟ್ಟ.